ಏನೂ ತೊಂದರೆ ಇಲ್ಲದ ಗಾಡಿ

"ಬುದ್ಧಿ, ಈ ಹದಿನಾಲ್ಕು ವರ್ಷದಲ್ಲಿ ನನ್ನ ಮೇಲೆ ಒಬ್ಬರಾದರೂ ಒಂದು ದೂರು ತಂದಿದ್ದಾರಾ?" ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ "ಇಲ್ಲ" ಅಂದರು.

"ದಾಸೋಹದ ಮನೆ ನೋಡಿಕೊಳ್ಳುವವನು ನಾನು. ಪಾಠ ಹೇಳುವವನು ನಾನು. ಅಡುಗೆಯವರನ್ನು ಕೇಳಿ, ಭಕ್ತರನ್ನು ಕೇಳಿ. ಮುರಿಗೆಯ್ಯನಿಂದ ತೊಂದರೆ ಅಂತ ಒಬ್ಬರೂ ಅನ್ನುವುದಿಲ್ಲ. ಹಾಗಿದ್ದೂ ಬೆಟ್ಟದಾಚೆಯ ಶಾಖಾಮಠಕ್ಕೆ ಹಿರಿಯನಾಗಿ ನನ್ನನ್ನು ಕಳಿಸಲು ನಿಮಗೆ ಮನಸ್ಸು ಬರುತ್ತಿಲ್ಲ. ಯಾಕೆ ಬುದ್ಧಿ?"

ಶಾಖಾಮಠದವರು ಸೋಮವಾರ ಬರುವವರಿದ್ದರು. ಯಾರನ್ನು ಕರೆದುಕೊಂಡು ಹೋಗಬೇಕೆಂದು ಗುರುಗಳು ಅಷ್ಟರೊಳಗೆ ಹೇಳಬೇಕಿತ್ತು. ಮುರಿಗೆಯ್ಯ ಆಗಲೇ ಎರಡು ಜೊತೆ ಕಾವಿಬಟ್ಟೆ ಮಡಿಸಿಟ್ಟಿದ್ದ.

"ಕೂತ್ಕೋ" ಅಂದರು ಗುರುಗಳು. "ಕಾಯಿ ಬಿಡಿಸುತ್ತಾ ಕೇಳು. ಮಧ್ಯೆ ಬಾಯಿ ಹಾಕಬೇಡ." ಅವರೆಕಾಯಿಯ ಮೊರವನ್ನು ಅವನ ಕಡೆ ಅರ್ಧ ಸರಿಸಿ ಕತೆ ಶುರುಮಾಡಿದರು.

ಒಂದು ಊರಲ್ಲಿ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಇದ್ದ. ಹೆಸರು ಗಂಗಶೆಟ್ಟಿ. ಅವನ ಬಾಯಲ್ಲಿ ಸುಳ್ಳು ಬಂದದ್ದನ್ನು ಕೇಳಿದವರು ಆ ಸೀಮೆಯಲ್ಲೇ ಇರಲಿಲ್ಲ. ಹಣ್ಣಿನಲ್ಲಿ ಬೀಜ ಉಳಿದಿದ್ದರೆ ಕೊಳ್ಳುವವನು ಕೇಳುವ ಮೊದಲೇ "ಬೀಜ ಇದೆ ಕಣಪ್ಪ, ನೋಡ್ಕೊ" ಅನ್ನುತ್ತಿದ್ದ. ಹಳೇದಿದ್ದರೆ ಹಳೇದು ಅನ್ನುತ್ತಿದ್ದ. ಬದುವಿನ ಜಗಳ ಬಂದರೆ, ಕೋಳಿ ಕಳುವಾದರೆ, ಹೆಣ್ಣು ಕೊಡುವ ಮನೆಯವರ ಗುಣ ವಿಚಾರಿಸಬೇಕಾದರೆ, ಜನ ಅವನ ಅಂಗಡಿ ಮೆಟ್ಟಿಲಿಗೆ ಬರುತ್ತಿದ್ದರು. "ಶೆಟ್ರು ಏನಂದ್ರು?" ಅಂತ ಒಬ್ಬ ಕೇಳುವುದು, "ಹಿಂಗಂದ್ರು" ಅಂತ ಇನ್ನೊಬ್ಬ ಹೇಳುವುದು. ಅಲ್ಲಿಗೆ ಜಗಳ ಮುಗಿಯಿತು. ಗಂಗಶೆಟ್ಟಿಗೆ ಹೊಲ ಗದ್ದೆ ಹೆಚ್ಚಿರಲಿಲ್ಲ. ಆ ಮಾತೇ ಅವನ ಆಸ್ತಿ. ಅದರ ಮೇಲೆ ಅವನಿಗೆ ಪ್ರಾಣ.

ಅವನ ಹತ್ತಿರ ಒಂದು ಪಿಕಪ್ ಗಾಡಿ ಇತ್ತು. ಸಣ್ಣಪುಟ್ಟದ್ದಲ್ಲ, ಎರಡು ಟನ್ನು ಹೊರುವ ಡೀಸೆಲ್ ಗಾಡಿ. ಇವನು ಕೊಳ್ಳುವಾಗಲೇ ಅದು ಒಬ್ಬರ ಕೈ ದಾಟಿ ಬಂದಿತ್ತು. ಆಮೇಲೆ ಇವನ ಕೈಯಲ್ಲಿ ಹತ್ತೊಂಬತ್ತು ವರ್ಷ ದುಡಿಯಿತು. ಎರಡು ಟನ್ನು ಹೊರುವ ಗಾಡಿಗೆ ಮೂರೂವರೆ ಟನ್ನು ಹೇರುವುದು ನಮ್ಮ ಜನರ ಪದ್ಧತಿ, ನಿನಗೆ ಗೊತ್ತಲ್ಲ. ಎತ್ತಾಗಿದ್ದರೆ ಮಲಗಿಬಿಡುತ್ತಿತ್ತು. ಗಾಡಿ ಪಾಪ ಮಲಗಲಿಲ್ಲ. ಒಂದೊಂದಾಗಿ ಕಾಯಿಲೆ ಹಚ್ಚಿಕೊಂಡಿತು.

ಮೊದಲು ಕೆಟ್ಟದ್ದು ಸೆಲ್ಫು. ಬೆಳಗಿನ ಚಳಿಯಲ್ಲಿ ಕೀಲಿ ತಿರುಗಿಸಿದರೆ ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಶೆಟ್ಟಿ ರಿಪೇರಿಗೆ ಬಿಟ್ಟನೇ? ಬಿಡಲಿಲ್ಲ. ಅದು ಹುಣಸೆ ಸುಗ್ಗಿಯ ಕಾಲ. ಗಾಡಿ ಒಂದು ದಿನ ನಿಂತರೆ ಹಣ್ಣು ಅಲ್ಲೇ ಕಪ್ಪಾಗುತ್ತದೆ. ಅಂಗಡಿ ಮುಂದೆ ಇಳಿಜಾರಿತ್ತು. ಸಂಜೆ ಗಾಡಿಯ ಮೂತಿಯನ್ನು ಇಳಿಜಾರಿಗೆ ಮಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟ. ಬೆಳಗ್ಗೆ ಕಲ್ಲು ತೆಗೆದ, ಗಾಡಿ ಉರುಳಿತು, ಕ್ಲಚ್ ಬಿಟ್ಟ, ಎಂಜಿನ್ ಹೊತ್ತಿಕೊಂಡಿತು. "ಸುಗ್ಗಿ ಮುಗೀಲಿ, ನೋಡಿದರಾಯ್ತು" ಅಂದುಕೊಂಡ. ಸುಗ್ಗಿ ಮುಗಿಯುವ ಹೊತ್ತಿಗೆ ಅವನಿಗೆ ಅಭ್ಯಾಸವಾಗಿಹೋಗಿತ್ತು. ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು ಅನ್ನುವುದು ಅವನಿಗೆ ಚಪ್ಪಲಿ ಹೊರಗೆ ಬಿಡಬೇಕು ಅನ್ನುವಷ್ಟು ಸಹಜವಾಯಿತು.

ಆಮೇಲೆ ಬ್ರೇಕು. ಒಂದು ಸಲ ಒತ್ತಿದರೆ ಗಾಡಿಗೆ ಕೇಳಿಸುತ್ತಿತ್ತು. ಎರಡನೇ ಸಲಕ್ಕೆ ಯೋಚನೆ ಮಾಡುತ್ತಿತ್ತು. ಮೂರನೇ ಸಲಕ್ಕೆ ನಿಲ್ಲುತ್ತಿತ್ತು. ಶೆಟ್ಟಿಯ ಕಾಲು ಅದನ್ನು ಕಲಿತುಕೊಂಡಿತು. ಎಮ್ಮೆ ಅಡ್ಡ ಬರುವ ಮೊದಲೇ ಒತ್ತಲು ಶುರುಮಾಡುತ್ತಿತ್ತು.

ಟಾಪ್ ಗೇರು ಹಾಕಿದರೆ ನಿಲ್ಲುತ್ತಿರಲಿಲ್ಲ, ಠಣ್ ಅಂತ ಹಿಂದಕ್ಕೆ ಬಿದ್ದುಬಿಡುತ್ತಿತ್ತು. ಎಡಮೊಣಕಾಲನ್ನು ಗೇರಿನ ಕೋಲಿಗೆ ಒತ್ತಿಕೊಂಡು ಕೂತರೆ ಸರಿಯಾಗಿ ನಿಲ್ಲುತ್ತಿತ್ತು. ಒತ್ತಿಕೊಂಡು ಕೂತ. ಎಡಗಡೆ ಕಮಾನ್ ಪಟ್ಟಿ ಭಾರಕ್ಕೆ ಕುಸಿದು ಗಾಡಿ ಎಡಕ್ಕೆ ಎಳೆಯತೊಡಗಿತು. ಇವನು ಮೂಟೆಗಳನ್ನೆಲ್ಲ ಬಲಗಡೆಗೆ ಹೇರಿಸಿದ, ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದ. ಅದೂ ಸಾಲದೆ ಬಂದಾಗ ತಾನೇ ಬಲಕ್ಕೆ ವಾಲಿ ಕೂತ. ವರ್ಷ ಕಳೆದಂತೆ ಗಾಡಿ ಎಷ್ಟೆಷ್ಟು ಎಡಕ್ಕೆ ಎಳೆಯಿತೋ ಶೆಟ್ಟಿ ಅಷ್ಟಷ್ಟು ಬಲಕ್ಕೆ ವಾಲಿದ. ಕೊನೆಕೊನೆಗೆ ಅವನ ಬಲ ಭುಜ ಕಿಟಕಿಯಿಂದ ಆಚೆಗೇ ಇರುತ್ತಿತ್ತು. ದಾರಿಯಲ್ಲಿ ಹೋಗುವವರು ಶೆಟ್ಟರು ಯಾರನ್ನೋ ಮಾತಾಡಿಸಲು ಬಗ್ಗಿದ್ದಾರೆ ಅಂದುಕೊಂಡು ನಮಸ್ಕಾರ ಮಾಡುತ್ತಿದ್ದರು. ಇವನೂ ಮಾಡುತ್ತಿದ್ದ.

ರೇಡಿಯೇಟರಿನ ಕತೆ ಕೇಳು. ಅದು ಸೋರತೊಡಗಿದಾಗ ದಾರಿಯಲ್ಲಿ ಸಿಕ್ಕ ಲಾರಿ ಡ್ರೈವರೊಬ್ಬ, "ಒಂದು ಹಿಡಿ ಅರಿಶಿನ ಹಾಕಿ ಯಜಮಾನ್ರೇ, ತೂತು ಕಚ್ಚಿಕೊಳ್ಳುತ್ತೆ" ಅಂದ. ಶೆಟ್ಟಿ ಹಾಕಿದ. ತೂತು ಕಚ್ಚಿಕೊಂಡಿತು. ಎಂಟು ದಿನಕ್ಕೆ ಬಿಟ್ಟುಕೊಂಡಿತು. ಮತ್ತೆ ಹಾಕಿದ. ಹಾಕಿದ ದಿನ ಶುಕ್ರವಾರ. ಮುಂದಿನ ಶುಕ್ರವಾರ ಅವನ ಹೆಂಡತಿ ಸಾಕಮ್ಮ ಹೊಸಿಲಿಗೆ ಅರಿಶಿನ ಬಳಿಯುವಾಗ ಗಾಡಿಗೂ ಒಂದು ಹಿಡಿ ತೆಗೆದಿಟ್ಟಳು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ಸೋರುವುದಕ್ಕೆ ಹಾಕುವ ಮದ್ದು ಅನ್ನುವುದು ಗಂಡಹೆಂಡಿರಿಬ್ಬರಿಗೂ ಮರೆತೇಹೋಯಿತು. ಶುಕ್ರವಾರ ಬಂತೆಂದರೆ ತಲೆಗೆ ಸ್ನಾನ, ಹೊಸಿಲಿಗೆ ಅರಿಶಿನ, ರೇಡಿಯೇಟರಿಗೆ ಅರಿಶಿನ, ಎರಡಕ್ಕೂ ಊದಿನಕಡ್ಡಿ. ಶೆಟ್ಟಿ ಮುಚ್ಚಳ ತೆಗೆದು ಅರಿಶಿನ ಸುರಿದು ಕಣ್ಣುಮುಚ್ಚಿ ಕೈಮುಗಿಯುತ್ತಿದ್ದ.

ಇಲ್ಲಿ ಮುರಿಗೆಯ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಮೂಢನಂಬಿಕೆ ಬುದ್ಧಿ!" ಅಂದ.

"ನಗು, ನಗು" ಅಂದರು ಗುರುಗಳು. "ನಮ್ಮ ಮಠದಲ್ಲಿ ಎಷ್ಟು ಪದ್ಧತಿ ಯಾವ ಯಾವ ತೂತು ಮುಚ್ಚುವುದಕ್ಕೆ ಶುರುವಾದವೋ, ಅದನ್ನು ಹೇಳೋರು ಯಾರೂ ಬದುಕಿಲ್ಲ. ಹುಳುಕು ಕಾಳನ್ನು ಬುಟ್ಟಿಗೆ ಹಾಕಬೇಡ, ನೋಡಿ ಬಿಡಿಸು."

ಅಷ್ಟರಲ್ಲಿ ಅಡುಗೆಯ ಚಂದ್ರಯ್ಯ ಬಿಡಿಸಿದ ಕಾಳು ಒಯ್ಯಲು ಬಂದ. ಗುರುಗಳ ಪಕ್ಕದಲ್ಲಿ ಮುರಿಗೆಯ್ಯ ಕೂತಿರುವುದು ಕಂಡು, "ಆಮೇಲೆ ಬತ್ತೀನಿ ಬುದ್ಧಿ" ಅಂದು ಹಿಂದಿರುಗಿದ. ಗುರುಗಳು ಕತೆ ಮುಂದುವರಿಸಿದರು.

ಇನ್ನು ಹೊಗೆ. ದಿಣ್ಣೆ ಹತ್ತುವಾಗ ಕಪ್ಪು ಹೊಗೆ ಕ್ಯಾಬಿನ್ ಒಳಗೇ ನುಗ್ಗುತ್ತಿತ್ತು. ಶೆಟ್ಟಿ ದಿಣ್ಣೆಯ ಬುಡದಲ್ಲಿ ಉಸಿರೆಳೆದುಕೊಂಡು ತುದಿಯಲ್ಲಿ ಬಿಡುತ್ತಿದ್ದ. ನೀನು ಹದಿನಾಲ್ಕು ವರ್ಷ ಪ್ರಾಣಾಯಾಮ ಮಾಡಿದ್ದೀಯಲ್ಲ, ಅವನ ಮುಂದೆ ನಿನ್ನದು ಏನೂ ಅಲ್ಲ. ಕೊನೆಗೆ ಡ್ರೈವರ್ ಕಡೆಯ ಬಾಗಿಲೂ ಕೆಟ್ಟಿತು. ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ಹೊರಗಿನ ಹಿಡಿ ಎಳೆದು ತೆಗೆಯುತ್ತಿದ್ದ. ಭುಜ ಹೇಗೂ ಆಚೆಗೇ ಇತ್ತಲ್ಲ, ಅನುಕೂಲವೇ ಆಯಿತು.

ಹೀಗಿರುವಾಗ ಶೆಟ್ಟಿಗೆ ಸೊಂಟನೋವು ಶುರುವಾಯಿತು. ಬಲಗಡೆ ಸೊಂಟ. ಎಣ್ಣೆ ತಿಕ್ಕಿದರು, ಹುರುಳಿ ಹುರಿದು ಶಾಖ ಕೊಟ್ಟರು, ಜಗ್ಗಲಿಲ್ಲ. "ವಯಸ್ಸಾಯ್ತು ಕಣ್ರೀ. ಗಾಡಿ ಮಾರಿಬಿಡಿ, ಬೇಕಾದಾಗ ಬಾಡಿಗೆ ಗಾಡಿ ಇಟ್ಕೊಳ್ಳೋಣ" ಅಂದಳು ಸಾಕಮ್ಮ. ಶೆಟ್ಟಿ ಒಪ್ಪಿದ.

ಕೊಳ್ಳಲು ಬಂದವನು ಬೋರಯ್ಯ. ಪಕ್ಕದ ಊರಲ್ಲಿ ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನು. ಅವನಪ್ಪ ದನದ ವ್ಯಾಪಾರಿ. ಹಾಗಾಗಿ ಬೋರಯ್ಯನಿಗೆ ಕೊಳ್ಳುವುದೆಂದರೆ ಎತ್ತು ಕೊಳ್ಳುವ ಪಾಠವೊಂದೇ ಗೊತ್ತಿತ್ತು. ಗಾಡಿಯ ಸುತ್ತ ಒಂದು ಸುತ್ತು ಬಂದ, ಬೆನ್ನು ತಟ್ಟಿದ ಹಾಗೆ ಬಾನೆಟ್ ತಟ್ಟಿದ, ಕೇಳಿದ.

"ಹಾಯುತ್ತಾ ಶೆಟ್ರೇ?"

"ಇಲ್ಲ ಕಣಯ್ಯ."

"ಒದೆಯುತ್ತಾ?"

"ಇಲ್ಲ."

"ದಾರೀಲಿ ಮಲಗುತ್ತಾ?"

ಶೆಟ್ಟಿ ಯೋಚನೆ ಮಾಡಿದ. ಅವನು ಒಂದು ಮಾತನ್ನೂ ತೂಗದೆ ಆಡುವವನಲ್ಲ. ಹತ್ತೊಂಬತ್ತು ವರ್ಷದಲ್ಲಿ ಗಾಡಿ ದಾರಿಯಲ್ಲಿ ಮಲಗಿದ್ದು ನೆನಪಿಗೆ ಬರಲಿಲ್ಲ. "ಇಲ್ಲ" ಅಂದ. ಆಮೇಲೂ ಅವನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕೊಳ್ಳುವವನಿಗೆ ಗೊತ್ತಿಲ್ಲದ ಐಬು ಏನಾದರೂ ಉಳಿದರೆ ತನ್ನ ಮಾತಿಗೆ ಕುಂದು. ಕಣ್ಣುಮುಚ್ಚಿ ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೆನೆಸಿಕೊಂಡ. ಕೊನೆಗೆ ಒಂದು ಸಿಕ್ಕಿತು.

"ನೋಡಯ್ಯ, ಮುಚ್ಚಿಟ್ಟು ಮಾರೋನಲ್ಲ ನಾನು. ಹಾರನ್ನು ಒಂಚೂರು ಕೀರಲು. ಅದು ಬಿಟ್ಟರೆ ಗಾಡಿಯಲ್ಲಿ ಏನೂ ತೊಂದರೆ ಇಲ್ಲ. ನನ್ನ ಮಾತು."

"ಹಾರನ್ನಿನ ಐಬನ್ನೂ ಹೇಳೋರು ನೀವು. ನಿಮ್ಮ ಮಾತಿದ್ದ ಮೇಲೆ ನಾನ್ಯಾಕೆ ಬಾನೆಟ್ ಎತ್ತಲಿ?" ಅಂದ ಬೋರಯ್ಯ. ಶೆಟ್ಟಿ ಎಲೆ ಅಡಿಕೆಯ ಮೇಲೆ ಕೀಲಿ ಇಟ್ಟು ಕೊಟ್ಟ. ಕಲ್ಲು ತೆಗೆದರು. ಗಾಡಿ ಉರುಳಿತು, ಹೊತ್ತಿಕೊಂಡಿತು. ಬೋರಯ್ಯನ ಅಣ್ಣನ ಮಗ, ಟ್ರ್ಯಾಕ್ಟರ್ ಓಡಿಸುವವನು, ಅದನ್ನು ಮೆಲ್ಲಗೆ ಎರಡನೇ ಗೇರಿನಲ್ಲೇ ಪಕ್ಕದ ಊರಿಗೆ ಒಯ್ದ. ಅಲ್ಲಿ ಬಾಗಿಲನ್ನು ಬೋರಯ್ಯನೇ ಹೊರಗಿನಿಂದ ತೆಗೆದ. ಟ್ರ್ಯಾಕ್ಟರಿನವನಿಗೆ ಎಲ್ಲ ಗಾಡಿಯೂ ಒಂದೇ. ಏನೂ ಗೊತ್ತಾಗಲಿಲ್ಲ.

ಮಾರನೇ ದಿನ ಬೋರಯ್ಯ ತಾನೇ ಕೂತ. ಮೂರು ಮೈಲಿ ಆಚೆ ಒಂದು ಮದುವೆ. ಕೊಪ್ಪರಿಗೆ, ಹಂಡೆ, ಸೌಟು, ಜಮಖಾನ ಎಲ್ಲ ಹೇರಿ ಕೀಲಿ ತಿರುಗಿಸಿದ. ಗಾಡಿ ಒಮ್ಮೆ ಕೆಮ್ಮಿತು. ಅವನ ಮನೆ ಮುಂದೆ ಎಲ್ಲಿಯ ಇಳಿಜಾರು? ಹಲಗೆಯಂಥ ಬಯಲು. ಎಂಟು ಜನ ನೂಕಿದರು. ಹೊತ್ತಿಕೊಂಡಿತು. ಟಾಪ್ ಗೇರು ಹಾಕಿದ, ಠಣ್ ಅಂತ ಹಿಂದಕ್ಕೆ ಬಂತು. ಹಾಕಿದ, ಬಂತು. ಗೇರನ್ನು ನೋಡುತ್ತಿದ್ದಾಗ ಗಾಡಿ ಎಡಕ್ಕೆ ಎಳೆಯಿತು. ಮುಂದೆ ಹುಲ್ಲಿನ ಬಣವೆ ಕಂಡಿತು. ಬೋರಯ್ಯ ಬ್ರೇಕನ್ನು ಎಲ್ಲ ಮನುಷ್ಯರ ಹಾಗೆ ಒಂದು ಸಲ ಒತ್ತಿದ. ಗಾಡಿ ಬಣವೆಯೊಳಗೆ ಅರ್ಧ ಹೋಗಿ ನಿಂತಿತು.

ಹೊರಗೆಳೆದು ಮತ್ತೆ ಹೊರಟರು. ಅರಿಶಿನ ಹಾಕಿ ಅವತ್ತಿಗೆ ಎಂಟನೇ ದಿನ. ಅರಿಶಿನದ ಗುಣ ಮುಗಿದಿತ್ತು. ದಿಣ್ಣೆಯ ಮೇಲೆ ರೇಡಿಯೇಟರ್ ಕುದಿದು ಹಳದಿ ನೀರು ಚಿಮ್ಮಿತು. ಕಪ್ಪು ಹೊಗೆ ಒಳಗೆ ತುಂಬಿತು. ಬೋರಯ್ಯನಿಗೆ ಉಸಿರು ಕಟ್ಟಿ, ಹೊರಗೆ ಬರೋಣವೆಂದರೆ ಬಾಗಿಲು ತೆಗೆಯಲು ಬರಲಿಲ್ಲ. "ಯಾರಾದ್ರೂ ಬರ್ರಪ್ಪೋ!" ಅಂತ ಹಾರನ್ ಒತ್ತಿದ. ಅದೊಂದು ಮಾತ್ರ ಶೆಟ್ಟಿ ಹೇಳಿದ ಹಾಗೇ ಇತ್ತು, ಕೀರಲು.

ಪಾತ್ರೆ ಮದುವೆಮನೆ ತಲುಪಲಿಲ್ಲ. ಅಲ್ಲಿಯವರು ಹದಿನೇಳು ಮನೆಯಲ್ಲಿ ಸಣ್ಣ ಸಣ್ಣ ಪಾತ್ರೆಯಲ್ಲಿ ಸಾರು ಮಾಡಿಸಿ ತಂದರು. ಹದಿನೇಳು ಮನೆಗೆ ಹದಿನೇಳು ರುಚಿ. ಒಂದೇ ಸಾಲಿನಲ್ಲಿ ಕೂತ ಬೀಗರು, ಆ ಕಡೆಯವರಿಗೆ ಒಳ್ಳೇ ಸಾರು ಹಾಕಿದರು, ಈ ಕಡೆಯವರಿಗೆ ನೀರು ಹಾಕಿದರು ಅಂತ ಜಗಳಕ್ಕೆ ಬಿದ್ದರು. ಎಲೆ ಬಿಟ್ಟು ಎದ್ದವರೂ ಇದ್ದರು. ಎಲ್ಲರೂ ಸೇರಿ ಬೈದದ್ದು ಬೋರಯ್ಯನನ್ನು.

ಬೋರಯ್ಯ ಮುಖದ ಮಸಿ ಕೂಡ ತೊಳೆಯದೆ ಶೆಟ್ಟಿಯ ಅಂಗಡಿ ಮುಂದೆ ಬಂದು ನಿಂತ. ತಕ್ಕಡಿ ಎದುರು ಗಿರಾಕಿಗಳಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ "ಗಂಗಶೆಟ್ಟಿ ಸುಳ್ಳುಗಾರ!" ಅಂದ.

ಆ ಮಾತು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಶೆಟ್ಟಿಯ ಕೈಯಲ್ಲಿದ್ದ ಹುಣಸೆ ಉಂಡೆ ಕೆಳಗೆ ಬಿತ್ತು. "ನಿಂಗೆ ಗಾಡಿ ಓಡಿಸೋಕೆ ಬರಲ್ಲ ಅನ್ನು. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಹತ್ತು ಜನರ ಮುಂದೆ ನಾನೇ ಓಡಿಸ್ತೀನಿ. ಒಂದೇ ಒಂದು ತೊಂದರೆ ತೋರಿಸಿದರೆ, ಇವತ್ತಿಗೆ ನಾನು ಸಾಕ್ಷಿ ಹೇಳೋ ಬಾಯಿ ಮುಚ್ಚಿದೆ" ಅಂದ. ಜನ ಅಯ್ಯಯ್ಯೋ ಅಂದರು. ಶೆಟ್ಟಿ ಕೇಳಲಿಲ್ಲ.

ಗಾಡಿಯನ್ನು ಎತ್ತು ಕಟ್ಟಿ ಎಳೆದು ತಂದು ಇಳಿಜಾರಿನಲ್ಲಿ ನಿಲ್ಲಿಸಿದರು. ಶೆಟ್ಟಿ ರೇಡಿಯೇಟರಿಗೆ ನೀರು ತುಂಬಿಸಿದ. "ಹೊಸ ಯಜಮಾನ ಪೂಜೆ ಮಾಡಿಲ್ಲ, ಅದಕ್ಕೇ ಮುನಿಸಿಕೊಂಡಿದೆ" ಅಂದು ಸಾಕಮ್ಮ ಒಂದು ಹಿಡಿ ಅರಿಶಿನ ತಂದು ಹಾಕಿದಳು. ಹತ್ತು ಜನ ಹಿಂದೆ ಹತ್ತಿದರು. ಬೋರಯ್ಯ ಮುಂದೆ ಶೆಟ್ಟಿಯ ಪಕ್ಕ ಕೂತ. ಕಲ್ಲು ತೆಗೆದರು.

ಗಾಡಿ ಹೋಯಿತು ನೋಡಪ್ಪ, ಆಹಾ! ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಯಿತು. ದಿಣ್ಣೆ ಹತ್ತಿತು, ಇಳಿಯಿತು, ತಿರುವಿನಲ್ಲಿ ತಿರುಗಿತು. ಎದುರಿಗೆ ಕುರಿಮಂದೆ ಬಂದಾಗ ಸರಿಯಾದ ಜಾಗದಲ್ಲಿ ನಿಂತಿತು. ಹಿಂದಿದ್ದವರು "ಶೆಟ್ರ ಮಾತು ಅಂದ್ರೆ ಮಾತು" ಅಂತ ಕೂಗಿದರು. ಶೆಟ್ಟಿಯ ಕಣ್ಣಲ್ಲಿ ನೀರು ಬಂತು. ಹೋದ ಮಾನ ಬಂತಲ್ಲ ಅಂತ.

ಬೋರಯ್ಯ ಮಾತ್ರ ರಸ್ತೆ ನೋಡುತ್ತಿರಲಿಲ್ಲ. ಎತ್ತು ನೋಡುವವನ ಮಗ ಅವನು. ಅವನು ಶೆಟ್ಟಿಯನ್ನು ನೋಡುತ್ತಿದ್ದ.

"ಶೆಟ್ರೇ, ಈಗ ಕುರಿ ಬಂದಾಗ ಬ್ರೇಕನ್ನ ಎಷ್ಟು ಸಲ ಒತ್ತಿದ್ರಿ?"

"ಒಂದು ಸಲ."

"ಮೂರು."

"ಒಂದೇ ಕಣಯ್ಯ. ಬ್ರೇಕ್ ಒತ್ತೋದು ಅಂದ್ರೆ ಹಂಗೇ."

"ಆಯ್ತು. ನೆಟ್ಟಗೆ ಕೂತ್ಕೊಳ್ಳಿ."

"ನೆಟ್ಟಗೇ ಕೂತಿದ್ದೀನಲ್ಲಯ್ಯ."

ಬೋರಯ್ಯ ಕೈ ಚಾಚಿ ಶೆಟ್ಟಿಯ ಭುಜ ಹಿಡಿದು ಮೆಲ್ಲಗೆ ಒಳಗೆಳೆದು, ಬೆನ್ನನ್ನು ಸೀಟಿಗೆ ಆನಿಸಿದ. ಮೊಣಕಾಲನ್ನು ಗೇರಿನಿಂದ ಆಚೆ ಸರಿಸಿದ. ಠಣ್ ಅಂತ ಗೇರು ಹಿಂದಕ್ಕೆ ಬಿತ್ತು. ಗಾಡಿ ಎಡಕ್ಕೆ ಎಳೆದುಕೊಂಡು ಮೋರಿಯ ಕಡೆ ನಡೆಯಿತು. ಹಿಂದಿನ ಹತ್ತು ಜನ "ಅಯ್ಯಯ್ಯೋ ಶೆಟ್ರೇ" ಅಂದರು. ಶೆಟ್ಟಿ ಗಾಬರಿಯಲ್ಲಿ ಬಲಕ್ಕೆ ವಾಲಿ ಮೂರು ಸಲ ಒತ್ತಿದ. ಮೋರಿಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು.

ಬೋರಯ್ಯನ ಸಿಟ್ಟೆಲ್ಲ ಇಳಿದುಹೋಗಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನೀವು ಸುಳ್ಳು ಹೇಳಿಲ್ಲ ಶೆಟ್ರೇ, ನಂದೇ ತಪ್ಪು. ಗಾಡಿ ಅರ್ಧ ಕೊಟ್ಟಿದ್ದೀರಿ. ಇನ್ನರ್ಧ ನಿಮ್ಮ ಮೈಯಲ್ಲೇ ಉಳಿದುಬಿಟ್ಟಿದೆ" ಅಂದ.

ಶೆಟ್ಟಿ ನಗಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಬಾಗಿಲು ತೆಗೆಯಲು ಹೋದವನು, ತನ್ನ ಕೈಯನ್ನು ತಾನೇ ನೋಡಿಕೊಂಡ. ಅವನಿಗೆ ನಾಚಿಕೆಯಾಯಿತು. ಇಳಿದು ಹತ್ತು ಜನರ ಮುಂದೆ, "ನಾನು ಹೇಳಿದ್ದು ಸುಳ್ಳು. ಗಾಡಿ ತುಂಬ ತೊಂದರೆ" ಅಂದ.

"ಗೊತ್ತಿಲ್ಲದೆ ಹೇಳಿದ್ದು ಸುಳ್ಳಾಗಲ್ಲ ಬಿಡಿ" ಅಂದರು ಜನ.

"ಗೊತ್ತಿಲ್ಲದೆ ಬಿದ್ದರೂ ಮೂಗು ಒಡೆಯುತ್ತೆ ಕಣ್ರಯ್ಯ. ಮದುವೆಮನೆಯವರು ಎಲೆ ಬಿಟ್ಟು ಎದ್ದರಲ್ಲ" ಅಂದ ಶೆಟ್ಟಿ.

ಗಾಡಿಯನ್ನು ಸರಿಮಾಡಿಸಿಯೇ ಕೊಡುತ್ತೇನೆಂದು ಹೇಳಿ ಪ್ಯಾರೇಜಾನ್ ಮೇಸ್ತ್ರಿಯ ಶೆಡ್ಡಿಗೆ ಬಿಟ್ಟ. ಮೇಸ್ತ್ರಿ ಐದು ದಿನ ಅದರ ಕೆಳಗೆ ಮಲಗಿದ. ಸೆಲ್ಫ್, ಬ್ರೇಕು, ಗೇರು, ಕಮಾನ್ ಪಟ್ಟಿ, ಬಾಗಿಲು, ಒಂದೂ ಬಿಡಲಿಲ್ಲ. ರೇಡಿಯೇಟರ್ ಬಿಚ್ಚಿದಾಗ ಒಳಗಿನಿಂದ ಆರು ಸೇರು ಅರಿಶಿನದ ಗಸಿ ಬಂತು. "ಇಷ್ಟರಲ್ಲಿ ನಾಲ್ಕು ಮದುವೆ ಮಾಡಬಹುದಿತ್ತು ಶೆಟ್ರೇ" ಅಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಈ ಗಾಡಿಗೆ ಹತ್ತೊಂಬತ್ತು ವರ್ಷದಿಂದ ಸ್ಪೇರ್ ಪಾರ್ಟೇ ಹಾಕಿಲ್ಲ ಅಂದುಕೊಂಡಿದ್ದೆ. ಹಾಕಿದ್ದಾರೆ. ನಿಮ್ಮನ್ನೇ ಹಾಕಿದ್ದಾರೆ" ಅಂದ.

ಗಾಡಿ ಹೊಸದರ ಹಾಗಾಯಿತು. ಕೊಡುವ ಮೊದಲು ಪರೀಕ್ಷೆ ಮಾಡುವುದು ತನ್ನ ಧರ್ಮ ಅಂತ ಶೆಟ್ಟಿ ಮತ್ತೆ ಕೂತ. ಅದೇ ಹತ್ತು ಜನ ಹಿಂದೆ ಹತ್ತಿದರು. ಈ ಸಲ ಹತ್ತಬಾರದಿತ್ತು. ಶೆಟ್ಟಿ ಅಭ್ಯಾಸದಂತೆ ಬಲಕ್ಕೆ ವಾಲಿ ಸ್ಟೇರಿಂಗ್ ಎಳೆದು ಹಿಡಿದ. ಸರಿಯಾದ ಗಾಡಿ ಹೇಳಿದ ಮಾತು ಕೇಳಿತು, ನೇರ ಬಲಕ್ಕೆ ಹೋಯಿತು. ಬಲಕ್ಕೆ ಅವನದೇ ಅಂಗಡಿ. ಅಂಗಳದಲ್ಲಿ ಹುಣಸೆ ರಾಶಿ. ಗಾಬರಿಯಲ್ಲಿ ಬ್ರೇಕು ಒತ್ತಿದ. ಮೊದಲನೇ ಒತ್ತಿಗೇ ಗಾಡಿ ಕಂಬದ ಹಾಗೆ ನಿಂತಿತು. ಹತ್ತು ಜನ ಮಾತ್ರ ನಿಲ್ಲಲಿಲ್ಲ. ಒಬ್ಬೊಬ್ಬರಾಗಿ ಹುಣಸೆ ರಾಶಿಗೆ ಬಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವತ್ತು ಸಂಜೆಯವರೆಗೂ ಹತ್ತು ಮನೆಯಲ್ಲಿ ತಲೆ ತಿಕ್ಕುವ ಕೆಲಸ ನಡೆಯಿತು. ಆಮೇಲೆ ಬೋರಯ್ಯ ಕೂತ. ಗಾಡಿ ನೆಟ್ಟಗೆ ಅವನ ಊರಿಗೆ ಹೋಯಿತು.

ಎರಡು ತಿಂಗಳಲ್ಲಿ ಶೆಟ್ಟಿಯ ಸೊಂಟನೋವು ತಾನಾಗಿಯೇ ಬಿಟ್ಟುಹೋಯಿತು. ಜನ ಮತ್ತೆ ಸಾಕ್ಷಿಗೆ ಕರೆದರು. ಬಾಯಿ ಮುಚ್ಚಿದ್ದೇನೆ ಅಂದರೂ ಬಿಡಲಿಲ್ಲ. ಕೊನೆಗೆ ಬಂದ. ಆದರೆ ಮೊದಲಿನ ಶೆಟ್ಟಿಯಲ್ಲ. ಆ ಮನೆಯವರು ಹೇಗೆ ಶೆಟ್ರೇ, ಈ ಎಮ್ಮೆ ಹೇಗೆ ಶೆಟ್ರೇ, ಅಂತ ಯಾರು ಕೇಳಿದರೂ ಒಂದೇ ಉತ್ತರ. "ನನಗೇನೂ ತೊಂದರೆ ಕಂಡಿಲ್ಲ. ನನ್ನ ಮಾತು ಕಟ್ಟಿಕೊಳ್ಳಬೇಡಿ. ಬೇರೆಯವರನ್ನು ಕೂರಿಸಿ ನೋಡಿ." ಜನ ಮನೆಗೆ ಹೋಗುತ್ತಾ, "ಶೆಟ್ರು ಹಾಳಾದರು. ಮೊದಲು ಒಂದೇ ಮಾತಲ್ಲಿ ಹೇಳೋರು" ಅಂತ ಬೈದುಕೊಳ್ಳುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿ ಮೊರ ಕೊಡವಿದರು. ಸಿಪ್ಪೆ ಒಂದು ಕಡೆ ಸರಿಸಿದರು.

ಮುರಿಗೆಯ್ಯ ಕಣ್ಣೀರು ಬರುವಷ್ಟು ನಕ್ಕಿದ್ದ. ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡ. "ಒಳ್ಳೇ ಕತೆ ಬುದ್ಧಿ. ಆದರೆ ಇದು ನನಗೆ ಹೇಗೆ ಉತ್ತರವಾಯಿತು ಅಂತ ತಿಳಿಯಲಿಲ್ಲ. ನಾನು ಆ ಶೆಟ್ಟಿಯ ಹಾಗೆ ಯಾವ ಐಬಿಗೂ ಒಗ್ಗಿಕೊಂಡು ಕೂತವನಲ್ಲ. ಇಲ್ಲಿ ಯಾರದೇ ತಪ್ಪು ಕಂಡರೂ ಅಲ್ಲೇ, ಮುಖದ ಮೇಲೇ ಹೇಳಿಬಿಡುತ್ತೇನೆ. ಅಡುಗೆಯವರಾಗಲಿ, ಭಕ್ತರಾಗಲಿ, ಯಾರನ್ನೂ ಬಿಟ್ಟಿಲ್ಲ. ನಾನು ಹೇಗೆ ಶೆಟ್ಟಿಯಾಗುತ್ತೇನೆ ಬುದ್ಧಿ?"

ಗುರುಗಳು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ನೀನು ಶೆಟ್ಟಿಯಲ್ಲಪ್ಪ ಮುರಿಗೆಯ್ಯ, ಗಾಡಿ ನೀನು, ವಾಲಿ ಕೂತವರು ನಾವು."